ಇಂಟರ್ವಲ್ ಅಕ್ಕ

ದುಡ್ಡು ಇಸಿದುಕೊಂಡು ನಕ್ಷತ್ರ ಹಂಚುವ ವಿಮರ್ಶಕರ ಕಾಲದಲ್ಲಿ, ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಅಕ್ಕ ಮಾತ್ರ ಪುಕ್ಕಟೆಯಾಗಿ, ಬಾಯ್ತುಂಬ ಹೊಗಳುತ್ತಾಳೆ. ಭಾನುವಾರ ಹೊಸ ಸಿನಿಮಾ ನೋಡಿದಳೆಂದರೆ ಸೋಮವಾರ ರೋಗಿಗಳನ್ನೂ ಬಿಡುವುದಿಲ್ಲ: "ಕಟ್ಟು ಬಿಚ್ಚಿದ ತಕ್ಷಣ ಮೊದಲು ಅದನ್ನ ನೋಡಿ, ಕಣ್ಣು ಸಾರ್ಥಕ ಆಗುತ್ತೆ!" ಹೊಸ ಹೋಟೆಲಿನ ಸೂಪನ್ನು ಅವಳು ಬಣ್ಣಿಸಿದರೆ ಕೇಳಿದವರ ಬಾಯಲ್ಲಿ ನೀರೂರುತ್ತದೆ, ಊಟದ ಸುದ್ದಿ ಮಾತ್ರ ಎತ್ತುವುದಿಲ್ಲ. ಗುಡ್ಡದ ತುದಿಗೆ ಎಲ್ಲರನ್ನೂ ಹುರಿದುಂಬಿಸಿ ಕಳಿಸುತ್ತಾಳೆ, ತಾನು ಅರ್ಧಕ್ಕೇ ಇಳಿದು ಬಂದಿರುತ್ತಾಳೆ. ನಾಟಕವೂ ಅಷ್ಟೇ, ಇಂಟರ್ವಲ್ ತನಕ. ಅದನ್ನೇ ಹೆಸರಾಗಿಟ್ಟು ಆಸ್ಪತ್ರೆಗೆ ಆಸ್ಪತ್ರೆಯೇ ನಗುತ್ತದೆ. ನಗುವುದಕ್ಕೇನು, ಹಲ್ಲಿದ್ದರೆ ಸಾಕು. ಅವಳ ಮಾತು ನಂಬಿ ಸಿನಿಮಾಕ್ಕೆ ಹೋಗಿ ಬಂದ ನರ್ಸಮ್ಮ ಒಂದು ಸೋಮವಾರ ರೇಗಿಯೇ ಬಿಟ್ಟಳು: "ಅಲ್ಲಕ್ಕಾ, ಇಂಟರ್ವಲ್ ಆದ್ಮೇಲೆ ಬರೀ ಕೊರೆತ! ಪೂರ್ತಿ ನೋಡ್ದೆ ಅದು ಹೇಗೆ ಹೊಗಳ್ತೀರಾ?" ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. "ಕೊರೆತ ಆದ್ರೂ ಪರವಾಗಿಲ್ಲ ಕಣೇ, ಒಂದೂ ಬಿಡದೆ ಹೇಳು. ನಮ್ಮೆಜಮಾನ್ರು ಹಾಸಿಗೆ ಹಿಡಿದಿದಾರೆ. ಕೆಲಸದ ದಿನ ಆಯಾ ಇರ್ತಾಳೆ, ಭಾನುವಾರ ಪಕ್ಕದ ಮನೆಯವಳು ಪಾಪ, ಒಂದೂವರೆ ಗಂಟೆ ಅವರ ಹತ್ರ ಕೂರ್ತಾಳೆ, ಅಷ್ಟರಲ್ಲಿ ನಾನು ಓಡಿ ಬರಬೇಕು. ಅರ್ಧ ಕಥೆ ಹೇಳಿದೀನಿ. ಮಿಕ್ಕಿದ್ದಕ್ಕೆ ಒಂದು ವಾರದಿಂದ ಕಾಯ್ತಿದಾರೆ." ಆ ಸಿನಿಮಾದ ಕೊನೆಯಲ್ಲಿ ನಾಯಕ ಸಾಯುತ್ತಾನೆ. ನರ್ಸಮ್ಮ ಅವನನ್ನು ಬದುಕಿಸಿ, ಎಬ್ಬಿಸಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ, ಅಕ್ಕನ ಜೊತೆ ಮನೆಗೆ ಕಳಿಸಿಕೊಟ್ಟಳು.