ಹಾಲು ಬಿಟ್ಟ ಕಾಕಾ

ಮೊನ್ನೆ ಶಹಾಪುರದ ಜಿಮ್ಮಿನಲ್ಲಿ ತೋಳು ಉಬ್ಬಿಸಿಕೊಂಡ ಹುಡುಗನೊಬ್ಬ ಡಬ್ಬಿಯ ಮುಚ್ಚಳ ತೆಗೆದ. ಹಾಲು ಸೋಕದ ಪ್ರೋಟೀನ್ ಪುಡಿಯಂತೆ. ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯಿತು. ಬಾಜೂ ಮನೆಯ ಕಾಕಾ ನೆನಪಾದರು...

ಕಾಕಾ ಭೀಮರಾಯನಗುಡಿ ಕಡೆ ಕಾಲುವೆ ಕಾಯುವ ಕೆಲಸದಲ್ಲಿದ್ದರು. ಉಳಿದವರು ಸೈಕಲ್ ಮೇಲೆ ನೋಡಿ ಬರುವ ದಂಡೆಯನ್ನು ಅವರು ಓಡಿಯೇ ಮುಗಿಸುತ್ತಿದ್ದರು. ಸಂಜೆ ತಾಲೀಮಿನಲ್ಲಿ, ಅಂದರೆ ಊರ ಗರಡಿಮನೆಯಲ್ಲಿ, ಕುಸ್ತಿಯ ಸಾಮು. ಅಲ್ಲೊಂದು ರೂಢಿ: ಸಾಮು ಮುಗಿದ ಮೇಲೆ, ಕಲಿಸುವ ಉಸ್ತಾದರ ಕೈಯಿಂದ ಒಂದು ಲೋಟ ಹಾಲು ಕುಡಿಯಬೇಕು. ಒಲ್ಲೆನೆಂದವನು ಅಲ್ಲಿನ ಕೆಂಪು ಮಣ್ಣು ಮುಟ್ಟುವಂತಿಲ್ಲ.

ಒಮ್ಮೆ ಹಾಲಿನವರ ಕೊಟ್ಟಿಗೆಯಲ್ಲಿ, ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸಿದ್ದನ್ನು ಕಾಕಾ ನೋಡಿದರು. ಎಮ್ಮೆ ಅದನ್ನು ನೆಕ್ಕುತ್ತ ಹಾಲಿಳಿಸುತ್ತಿತ್ತಂತೆ. ಅಂದಿನಿಂದ ಹಾಲು, ಮೊಸರು, ತುಪ್ಪ ಬಿಟ್ಟರು. ಮೊಟ್ಟೆ, ಮಾಂಸವೂ ಹೋದವು. ಜೋಳದ ರೊಟ್ಟಿ, ನೆಂಚಿಕೊಳ್ಳಲು ಅಗಸಿ ಹಿಂಡಿಯ ಚಟ್ನಿಪುಡಿ, ನೆನೆಸಿದ ಶೇಂಗಾ, ಅಷ್ಟೇ. ಉಸ್ತಾದರು ಲೋಟ ಚಾಚಿದಾಗ ಕೈಮುಗಿದರು. ಇಪ್ಪತ್ತು ವರ್ಷ ಬೆವರು ಸುರಿಸಿದ ತಾಲೀಮಿನಿಂದ ಹೊರಬಿದ್ದರು.

ಆಗಿನ್ನೂ ಹುಡುಗನಾಗಿದ್ದ ನನಗೆ ಅದೊಂದು ಮೋಜು. ನನ್ನ ತೋಳುಗಳೋ, ಊದುಗೊಳವೆಗಳು, ಕಸುವೆಲ್ಲ ಗಂಟಲಲ್ಲಿ. ಉಸ್ತಾದರ ಗೊಗ್ಗರು ದನಿ ತೆಗೆದು, "ಹುಲ್ಲು ತಿಂದು ಕುಸ್ತಿ ಆಡ್ತಿಯೇನಲೇ? ಎಮ್ಮಿ ಆಗ್ತಿ, ಎಮ್ಮಿ!" ಎಂದು ಕಾಕಾನ ಎದುರೇ ಮಾಡಿ ತೋರಿಸುತ್ತಿದ್ದೆ.

"ಉಸ್ತಾದಗಿಂತ ನೀನೇ ಛಲೋ ಬೈತಿ ನೋಡು," ಎಂದು ಕಾಕಾ ನಗುತ್ತಿದ್ದರು.

ಕೊನೆಗೆ ಉಸ್ತಾದರೇ ಪಂಥ ಹಾಕಿದರು: ಕಾಲುವೆ ದಂಡೆಯ ಮೇಲೆ ಹತ್ತು ಮೈಲಿ ಓಟ. ಹಾಲು ಕುಡಿಯುವ ಹುಡುಗರನ್ನು ಹಿಂದೆ ಹಾಕಿದರೆ, ಕಾಕಾ ಹಾಲು ಮುಟ್ಟದೆಯೇ ತಾಲೀಮಿಗೆ ಮರಳಬಹುದು.

ದಾರಿಗೆ ಶೇಂಗಾ ಉಂಡಿ ಕಟ್ಟುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಕಟ್ಟುವಾಗ ಒಂದು ಚಮಚ ತುಪ್ಪ ಬೆರೆಸಿದೆ. ಯಾಕೆ? ಆಮೇಲೆ ಹೇಳಿ ನಗಿಸಲು. ಅಷ್ಟೇ... ಐದನೇ ಮೈಲಿಯಲ್ಲಿ ಸೈಕಲ್ ಮೇಲಿಂದ ಕೈಗಿಟ್ಟೆ. ಓಡುತ್ತಲೇ ಬಾಯಿಗೆ ಹಾಕಿಕೊಂಡರು.

ಕಾಕಾ ಗೆದ್ದರು. ನಲವತ್ತು ದಾಟಿದ ಮನುಷ್ಯ ಬಂದು ನಿಂತಾಗ ಎರಡನೆಯವನು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಉಸ್ತಾದರು ಮುಖ ಸಣ್ಣದು ಮಾಡಿಕೊಂಡು, "ನಾಳಿಂದ ಬಾ..." ಎಂದು ಶುರು ಮಾಡಿದ್ದರು. ನನಗೆ ತಡೆಯಲಾಗಲಿಲ್ಲ. ಅವರದೇ ದನಿಯಲ್ಲಿ ಕೂಗಿದೆ:

"ಅಬೇ, ಉಂಡಿಯೊಳಗ ತುಪ್ಪ ಐತಿ, ತುಪ್ಪ!"

ದಂಡೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಉಸ್ತಾದರು. "ನೋಡ್ರಪಾ! ಇಂವ ಓಡಿಲ್ಲ, ತುಪ್ಪ ಓಡೈತಿ! ಪಂಥ ರದ್ದು!"

ಕಾಕಾ ಕಾಲುವೆಯ ಅಂಚಿಗೆ ಹೋಗಿ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿದರು. ಬಾಯಿ ತೊಳೆದು ನನ್ನ ಕಡೆ ತಿರುಗಿದರು.

"ನೀ ಕೊಟ್ಟಿ ಅಂತ ತಿಂದೆ, ತಮ್ಮಾ."

ಆಮೇಲೆ ಅವರು ತಾಲೀಮಿನ ಓಣಿಯನ್ನೇ ಹಾಯಲಿಲ್ಲ. ಓಡುವುದನ್ನೂ ಬಿಟ್ಟು ಸೈಕಲ್ ಹಿಡಿದರು. ಮುಂದೆ ವನದುರ್ಗದ ಕಡೆ ವರ್ಗವಾಗಿ ಹೋದರು. ಅಲ್ಲೇ ತೀರಿಕೊಂಡರೆಂದು ಕೇಳಿದೆ...

ಹತ್ತು ಮೈಲಿ ಓಡಿಸುವ ಕಸುವು ಒಂದು ಚಮಚ ತುಪ್ಪಕ್ಕೆಲ್ಲಿಂದ ಬರಬೇಕು? ಇದನ್ನು ಅವತ್ತೇ, ನನ್ನ ಸ್ವಂತ ದನಿಯಲ್ಲಿ, ಉಸ್ತಾದರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಜನ ಇನ್ನೂ ನಗುತ್ತಿದ್ದರು, ನನಗೆ ಅದು ಹಿತವಾಗಿತ್ತು. ಈಗ ತಾಲೀಮು ಗೊಬ್ಬರದ ಗೋದಾಮಾಗಿದೆ. ಉಸ್ತಾದರೂ ಹೋದರು. ಹೇಳೋಣವೆಂದರೆ, ಕೇಳಬೇಕಾದ ಇಬ್ಬರೂ ಇಲ್ಲ.