ಸಿಯುಗೀಮಳ ಸೀಟಿನ ಕೆಳಗಿನ ಪೆಟ್ಟಿಗೆ

ಆಕುನನ ನೀಲಿ ತರಕಾರಿ ಗಾಡಿ ಮತ್ತೆ ಅಂಗಡಿಯ ಮುಂದೆ ಬಂದು ನಿಂತಾಗ ಲಿಯಾವ್ ಬುನ್‌ತೆಕ್‌ಗೆ ಎದ್ದು ಬಾಗಿಲ ತನಕ ಹೋಗುವುದೂ ಬೇಡವೆನಿಸಿತು. ಕಾರುಗಳಿಗೆ ಹಾಡಿನ ಪೆಟ್ಟಿಗೆ ಕೂರಿಸುತ್ತ ಅವನ ಆಯುಷ್ಯದ ಮುಕ್ಕಾಲು ಪಾಲು ಡಿಕ್ಕಿಗಳೊಳಗೇ ಮುಗಿದಿತ್ತು. ಸೊಂಟ ಅದರ ಲೆಕ್ಕವನ್ನು ಈಗ ಒಪ್ಪಿಸುತ್ತಿತ್ತು. ಒಂದು ಕಾಲದಲ್ಲಿ ಶಿಲುವೊ ಊರಿನ ಹುಡುಗರು ಸಂಬಳ ಕೈಗೆ ಬಂದ ದಿನವೇ ಓಡಿ ಬರುತ್ತಿದ್ದರು, ಪಕ್ಕದ ಕಾರಿನ ಕಿಟಕಿ ಗಡಗಡ ಅನ್ನಬೇಕು ಮೇಸ್ತ್ರಿ ಎನ್ನುತ್ತಿದ್ದರು. ಈಗಿನ ಕಾರುಗಳು ಕಾರ್ಖಾನೆಯಿಂದಲೇ ಎಲ್ಲ ಕಲಿತುಕೊಂಡು ಬರುತ್ತವೆ. ಅಂಗಡಿಗೆ ಉಳಿದದ್ದು ಹಳೆಯ ಗಿರಾಕಿಗಳು ಮತ್ತು ಅವರ ಹಳೆಯ ದೂರುಗಳು.

"ತೆಕ್ಕಣ್ಣ, ಪೆಟ್ಟಿಗೆ ಮತ್ತೆ ಸತ್ತೋಯ್ತು," ಎಂದ ಆಕುನ್, ಗಾಡಿಯಿಂದ ಇಳಿಯದೆ.

"ನನ್ನೆದುರಿಗೆ ಮಾತ್ರ ಗಟ್ಟಿಮುಟ್ಟಾಗಿರುತ್ತಲ್ಲೋ ಅದು!"

"ನಿನ್ನ ಕಂಡ್ರೆ ಹೆದರಿಕೆ ಅದಕ್ಕೆ. ಆ ಮುಖ ನೋಡಿದ್ರೆ ನಂಗೇ ಹೆದರಿಕೆ ಆಗುತ್ತೆ."

ನಗು ಬರಲಿಲ್ಲ, ಇಬ್ಬರಿಗೂ.

ಹಳ್ಳಿಹಳ್ಳಿ ಸುತ್ತಿ ಕೋಸು, ಈರುಳ್ಳಿ ಸೊಪ್ಪು ಮಾರುವ ಆಕುನ್‌ಗೆ ಮೈ ನಡುಗಿಸುವ ಸಬ್‌ವೂಫರ್ ಪೆಟ್ಟಿಗೆ ಯಾಕೆ ಎಂದು ಮೊದಲು ಊರೆಲ್ಲ ಆಡಿಕೊಂಡಿತ್ತು. ಅದು ಅವನಿಗಲ್ಲ, ಹೆಂಡತಿ ಸಿಯುಗೀಮಳಿಗೆ. ಗಾಡಿಯಲ್ಲಿ ಅವನ ಪಕ್ಕ ಕೂತು ದಾರಿಯುದ್ದಕ್ಕೂ ಹಾಡುತ್ತಿದ್ದ ಹೆಂಗಸು. ಯಾವುದೋ ಜ್ವರ ಬಂದು ಎರಡೂ ಕಿವಿ ಹೋದವು. ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಆಕುನ್ ಇಲ್ಲಿಗೆ ಬಂದು ತಲೆ ತಗ್ಗಿಸಿ ನಿಂತು, "ಅಣ್ಣ, ಮೈಗೆ ಕೇಳಿಸೋ ಹಾಗೆ ಏನಾದ್ರೂ ಮಾಡ್ಕೊಡು," ಎಂದಿದ್ದ. ಬುನ್‌ತೆಕ್ ಅವಳ ಸೀಟಿನ ಕೆಳಗೆ ಚಪ್ಪಟೆಯ ಪೆಟ್ಟಿಗೆ ಕೂರಿಸಿದ, ಬೆನ್ನಿನ ಹಿಂದೆ ಆಂಪ್ಲಿಫೈಯರ್ ಇಟ್ಟ. ಮೊದಲ ಹಾಡಿಗೇ ಅವಳು ತೊಡೆಯ ಮೇಲೆ ತಾಳ ಹಾಕಿ, ಅದು ಯಾವ ಹಾಡು ಎಂದು ಊರಿಗೇ ಕೇಳುವಂತೆ ಕೂಗಿ ಹೇಳಿದ್ದಳು. ಆ ದಿನ ಬುನ್‌ತೆಕ್ ಅಂಗಡಿಯ ಹಿಂದೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದ.

ಈಗ ಕೆಲವು ವಾರಗಳಿಂದ ಪೆಟ್ಟಿಗೆ ಹಾಡಿನ ನಡುವೆಯೇ ನಿಂತುಹೋಗುತ್ತಿತ್ತು. ಹೆಚ್ಚಾಗಿ ಸೇತುವೆ ಇಳಿದು ಎಡಕ್ಕೆ ತಿರುಗುವಾಗ. ಅಂಗಡಿಗೆ ತಂದರೆ ಏನೂ ಇಲ್ಲ. ಎರಡು ಸಲ ನೋಡಿದ ಬುನ್‌ತೆಕ್ ಎರಡು ಸಲವೂ "ಎಲ್ಲ ಸರಿ ಇದೆಯಪ್ಪ" ಎಂದು ಕಳಿಸಿದ್ದ.

"ನೀನು ಸರಿ ಇದೆ ಅಂದಿದ್ದೇ ಈಗ ಕುತ್ತಿಗೆಗೆ ಬಂದಿದೆ," ಎಂದ ಆಕುನ್. "ಮೇಸ್ತ್ರಿ ಸರಿ ಇದೆ ಅಂದ್ರೆ ಪೆಟ್ಟಿಗೆ ಸರಿನೇ ಇದೆ, ನನ್ನ ಮೈಯೇ ಕಿವುಡಾಗ್ತಿದೆ ಅಂತಾಳೆ. ಇಲ್ವೇ, ಪೆಟ್ಟಿಗೆನೇ ನಿಂತಿದ್ದು, ಅದು ನಿಂತಿದ್ದು ನಂಗೂ ಗೊತ್ತಾಯ್ತಲ್ಲ ಅಂತ ನಾನಂದ್ರೆ, ಸಮಾಧಾನಕ್ಕೆ ಸುಳ್ಳು ಹೇಳ್ತೀಯ ಅಂತಾಳೆ. ನಿನ್ನೆಯಿಂದ ಗಾಡಿ ಹತ್ತಿಲ್ಲ."

ಬುನ್‌ತೆಕ್ ಟಾರ್ಚು ಹಿಡಿದು ಮಂಡಿಯೂರಿದ. ಫ್ಯೂಸ್ ನೋಡಿದ. ಬ್ಯಾಟರಿಯಿಂದ ಬರುವ ತಂತಿಯನ್ನು ಬೆರಳಲ್ಲಿ ಸವರುತ್ತ ಹೋದ. ಗಾಡಿಯ ಮೈಗೆ ಬಿಗಿದ ಅರ್ಥಿಂಗ್ ತಂತಿಯನ್ನು ಬಿಚ್ಚಿ, ಬಣ್ಣ ಕೆರೆದು ಮತ್ತೆ ಬಿಗಿದ. ಪೆಟ್ಟಿಗೆಯ ತಂತಿಗಳಿಗೆ ಗಡಿಯಾರದ ಸೆಲ್ ಮುಟ್ಟಿಸಿದಾಗ ಒಳಗಿನ ಪರದೆ ಟಪ್ ಎಂದು ಜಿಗಿಯಿತು. ರೋಗವೇ ಇಲ್ಲದ ರೋಗಿ. ಇವನಿಗೆ ಯಂತ್ರದ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ.

"ನಡಿ, ನಿಮ್ಮನೆಗೇ ಹೋಗೋಣ. ಅದು ಕಾಯಿಲೆ ಬೀಳೋ ಜಾಗದಲ್ಲೇ ನೋಡ್ತೀನಿ."

ದಾರಿಯಲ್ಲಿ ಸಿಯುಗೀಮಳ ಸೀಟಿನಲ್ಲಿ ಅವನೇ ಕೂತ. ಕೆಂಪು ಸೇತುವೆ ದಾಟಿದರು, ಎಡಕ್ಕೆ ತಿರುಗಿದರು, ಹೊಂಡಗಳ ಮೇಲೆ ಎಗರಿದರು. ಪೆಟ್ಟಿಗೆ ಒಂದೇ ಸಮನೆ ಧಿಮ್ ಧಿಮ್ ಎಂದು ಅವನ ನೋಯುವ ಸೊಂಟವನ್ನು ಗುದ್ದುತ್ತ ಬಂತು. ತಿರುಗಿ ಬಂದು, ಸೇತುವೆಯನ್ನು ಇನ್ನೊಂದು ಸಲ ಇಳಿದರು. ಅದು ನಿಲ್ಲಲಿಲ್ಲ. ಇಷ್ಟು ಸರಿಯಾಗಿ ಕೆಲಸ ಮಾಡುವ ಪೆಟ್ಟಿಗೆಯನ್ನು ಅವನು ಎಂದೂ ಇಷ್ಟು ಶಪಿಸಿರಲಿಲ್ಲ.

ಸಿಯುಗೀಮ್ ಅಂಗಳದಲ್ಲಿ ಈರುಳ್ಳಿ ಸೊಪ್ಪು ಕಟ್ಟುತ್ತಿದ್ದಳು. ಮೇಸ್ತ್ರಿಯನ್ನು ಕಂಡು ಎದ್ದಳು, ಆದರೆ ಗಾಡಿಯ ಕಡೆ ನೋಡಲಿಲ್ಲ.

ಬುನ್‌ತೆಕ್ ಅವಳೆದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ, "ಅತ್ತಿಗೆ, ಒಂದ್ಸಲ ಬಂದು ಕೂತ್ಕೊಳಿ. ನನಗೋಸ್ಕರ," ಎಂದ.

ಅವಳು ಗಂಡನ ಮುಖ ನೋಡಿದಳು. ಒಳಗೆ ಹೋದಳು. ಅಡುಗೆಮನೆಯ ಹಲಗೆಯಿಂದ ಕೊಬ್ಬರಿ ಘಮದ ಕುರುಕಲಿನ ಹಸಿರು ಪೊಟ್ಟಣ ತಂದು, ಗಾಡಿಯ ಸೀಟು ಬಾಗಿಸಿ, ಹಿಂದಿನ ಆಂಪ್ಲಿಫೈಯರಿಗೆ ಒರಗಿಸಿಟ್ಟು ಎರಡು ಸಲ ತಟ್ಟಿದಳು.

ಇದರಲ್ಲಿ ವಿಶೇಷವೇನೂ ಇಲ್ಲ. ಈ ನಾಡಿನಲ್ಲಿ ಆಸ್ಪತ್ರೆಯ ಯಂತ್ರದಿಂದ ಬ್ಯಾಂಕಿನ ಕಂಪ್ಯೂಟರಿನ ತನಕ ಎಲ್ಲದರ ತಲೆಯ ಮೇಲೂ ಆ ಪೊಟ್ಟಣ ಇರುತ್ತದೆ. ಹಸಿರೇ ಆಗಬೇಕು, ವಾಯಿದೆ ಮೀರಿರಬಾರದು, ಯಾರೂ ತಿನ್ನಬಾರದು. ಆ ಕುರುಕಲಿನ ಹೆಸರಿಗೇ ಜಾಣಮರಿ ಎಂಬ ಅರ್ಥ, ಹಾಗಾಗಿ ಅದು ಪಕ್ಕದಲ್ಲಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂದು ಎಲ್ಲರ ನಂಬಿಕೆ. ಬುನ್‌ತೆಕ್‌ನ ಅಂಗಡಿಯಲ್ಲೂ ಒಂದಿದೆ. ಆದರೆ ಈ ಗಾಡಿಯಲ್ಲಿ ಅವನು ಅದನ್ನು ಕಂಡೇ ಇರಲಿಲ್ಲ.

"ಇದು ಯಾವಾಗಲೂ ಇಲ್ಲೇ ಇರುತ್ತಾ ಅತ್ತಿಗೆ? ನನ್ನ ಹತ್ರ ಬಂದಾಗ ಇರಲಿಲ್ವಲ್ಲ?"

"ನೀವು ನೋಡೋ ದಿನ ತೆಗೆದಿಡ್ತೀನಿ!" ಎಂದಳು ಅವಳು ತನ್ನ ದೊಡ್ಡ ದನಿಯಲ್ಲಿ, ಇಷ್ಟೂ ತಿಳಿಯದೇ ಎಂಬಂತೆ. "ಇದು ಪಕ್ಕದಲ್ಲಿದ್ರೆ ಪೆಟ್ಟಿಗೆ ಜಾಣಮರಿ ಹಾಗಿರುತ್ತಲ್ಲ. ಆಮೇಲೆ ನಿಮಗೆ ರೋಗ ಕಾಣೋದು ಹೇಗೆ?"

ಬುನ್‌ತೆಕ್ ಮಂಡಿಯೂರಿ ಪೊಟ್ಟಣವನ್ನು ಮೇಲೆತ್ತಿ ಟಾರ್ಚು ಬಿಟ್ಟ. ಅದರ ಕೆಳಗಿನ ಅಂಚಿನಲ್ಲಿ ಪ್ಲಾಸ್ಟಿಕ್ ಸವೆದು ಒಳಗಿನ ಬೆಳ್ಳಿ ಹಾಳೆ ಇಣುಕುತ್ತಿತ್ತು, ಅದರ ಮೇಲೆ ಎರಡು ಕಪ್ಪು ಚುಕ್ಕೆ. ಆಂಪ್ಲಿಫೈಯರಿನಲ್ಲಿ, ಪೆಟ್ಟಿಗೆಗೆ ಹೋಗುವ ತಂತಿಗಳ ಎರಡು ತಿರುಪು ಬರಿಮೈಯಲ್ಲಿದ್ದವು. ಅವನ್ನು ಮುಚ್ಚುವ ಒಂದು ಕರಿ ಮುಚ್ಚಳವಿರುತ್ತದೆ. ಕೂರಿಸಿದ ದಿನ ಅದರ ಸಣ್ಣ ತಿರುಪು ಕೈಜಾರಿ ಸೀಟಿನಡಿ ಉರುಳಿತ್ತು. ಬಗ್ಗಿ ಹುಡುಕಲು ಸೊಂಟ ಒಪ್ಪಿರಲಿಲ್ಲ. ಇರಲಿ ಬಿಡು, ಇದನ್ನು ಯಾರು ಮುಟ್ಟುತ್ತಾರೆ ಎಂದುಕೊಂಡಿದ್ದ.

"ಹಾಡು ಹಾಕು," ಎಂದ ಆಕುನ್‌ಗೆ. ಸಿಯುಗೀಮಳ ಅಂಗೈಯನ್ನು ಸೀಟಿನ ಮೇಲೆ ಇಡಿಸಿದ. ಪೊಟ್ಟಣವನ್ನು ಬೆರಳಿನಿಂದ ಮೆಲ್ಲಗೆ, ಗಾಡಿ ತಿರುಗಿದಾಗ ಅದು ಜಾರುವಷ್ಟೇ, ಸರಿಸಿದ. ಬೆಳ್ಳಿಯ ಅಂಚು ಎರಡು ತಿರುಪುಗಳ ಮೇಲೆ ಕೂತಿತು. ಶಾರ್ಟ್ ಆದೊಡನೆ ತನ್ನನ್ನು ಕಾಪಾಡಿಕೊಳ್ಳಲು ಆಂಪ್ಲಿಫೈಯರ್ ತಾನೇ ನಿಂತಿತು, ಅದರ ಹಸಿರು ದೀಪ ಕೆಂಪಾಯಿತು. ಪೆಟ್ಟಿಗೆ ಸತ್ತಿತು.

ಅವಳ ಮುಖ ಬಿಳಿಚಿತು. ಬುನ್‌ತೆಕ್ ಕೆಂಪು ದೀಪ ತೋರಿಸಿದ. ಪೊಟ್ಟಣ ಸರಿಸಿ, ಗಾಡಿಯ ಕೀಲಿ ತಿರುಗಿಸಿ ಆರಿಸಿ ಮತ್ತೆ ಹಚ್ಚುವಂತೆ ಆಕುನ್‌ಗೆ ಸನ್ನೆ ಮಾಡಿದ. ದೀಪ ಹಸಿರಾಯಿತು, ಸೀಟು ಗುದ್ದಿತು.

"ತಪ್ಪು ನನ್ನದು ಅತ್ತಿಗೆ. ಮುಚ್ಚಳ ಹಾಕಿರಲಿಲ್ಲ. ಪೊಟ್ಟಣದ್ದೇನೂ ತಪ್ಪಿಲ್ಲ. ಕ್ಷಮಿಸಿ."

ಅವಳು ಅವನ ಕ್ಷಮಾಪಣೆಯ ಕಡೆ ತಿರುಗಿಯೂ ನೋಡಲಿಲ್ಲ. ತಾನೇ ಪೊಟ್ಟಣ ತೆಗೆದುಕೊಂಡು ತಿರುಪುಗಳಿಗೆ ಒತ್ತಿದಳು. ಕೆಂಪು. ಅಂಗೈ ಕೆಳಗೆ ಏನೂ ಇಲ್ಲ. ಗಂಡನಿಗೆ ಕೈಬೀಸಿದಳು. ಆತ ಕೀಲಿ ತಿರುಗಿಸಿದ. ಹಸಿರು. ಧಿಮ್.

"ಹಾಗಾದ್ರೆ ಸತ್ತಿದ್ದು ಪೆಟ್ಟಿಗೆ!" ಎಂದು ಕೂಗಿದಳು. "ನಾನಲ್ಲ!"

"ನಾನು ಹೇಳ್ಲಿಲ್ವೇನೇ," ಎಂದ ಆಕುನ್. ಅವನ ದನಿ ಒಡೆದಿತ್ತು, ಅದು ಅವಳಿಗೆ ಕೇಳುವಂತಿರಲಿಲ್ಲ.

ಅವಳು ಮತ್ತೆ ಒತ್ತಿದಳು, ಮತ್ತೆ ಕೈಬೀಸಿದಳು. ಕೊಂದಳು, ಬದುಕಿಸಿದಳು. ಪ್ರತಿ ಸಲವೂ ಅಂಗೈ ಊರಿ ಕಣ್ಣು ಮುಚ್ಚಿ ನೋಡಿದಳು. ಹೀಗೆ ಮಾಡಿದರೆ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ ಎಂದು ಬುನ್‌ತೆಕ್ ಹೇಳಬೇಕಿತ್ತು. ಅವನು ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಸುಟ್ಟರೆ ಅಂಗಡಿಯಲ್ಲಿ ಇನ್ನೊಂದಿದೆ.