ಎಡಗೈಯ ಹೆಬ್ಬೆರಳು

ಮೊದಲ ಸಲ ಅದು ಬಂದದ್ದು ನವೆಂಬರಿನ ಒಂದು ಬುಧವಾರ, ಬೆಳಗಿನ ಹನ್ನೊಂದು ಗಂಟೆಗೆ. ಇಚಲಕರಂಜಿಯ ಮಗ್ಗದ ಓಣಿಗಳ ನಡುವಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಉಜ್ವಲಾ ಯಾರದೋ ಕೇಸ್‌ಪೇಪರ್ ಬರೆಯುತ್ತ ಕೂತಿದ್ದಳು. ಬಲಗೈಯಲ್ಲಿ ಪೆನ್ನು, ಎಡಗೈ ಕಾಗದದ ಮೇಲೆ. ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು. ನಿಲ್ಲು ಎಂದಳು ಮನಸ್ಸಿನಲ್ಲೇ. ನಿಲ್ಲಲಿಲ್ಲ. ಕುಣಿತ ಮಣಿಕಟ್ಟಿಗೆ ಏರಿತು. ಗೋಡೆಯ ಗಡಿಯಾರದಲ್ಲಿ ಐವತ್ತು ಸೆಕೆಂಡು ಕಳೆದವು. ಆಮೇಲೆ ಏನೂ ಆಗಿಲ್ಲವೆಂಬಂತೆ ಕೈ ಮತ್ತೆ ಅವಳದೇ ಆಯಿತು. ಎದುರಿಗಿದ್ದ ಮುದುಕ ಕೆಮ್ಮುತ್ತಲೇ ಇದ್ದ. ಅವನಿಗೆ ಏನೂ ತಿಳಿಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನರ ಎಳೆದಿರಬೇಕೆಂದು ಕೈ ಕೊಡವಿ ಸುಮ್ಮನಾಗುತ್ತಿದ್ದರು. ಉಜ್ವಲಾಳಿಗೆ ಆ ಸುಖ ಇರಲಿಲ್ಲ. ಎರಡು ವರ್ಷದಿಂದ ಅವಳು ಹಗಲೂ ರಾತ್ರಿ ಓದಿದ್ದೇ ಮೆದುಳು ಮತ್ತು ನರಗಳ ರೋಗಗಳನ್ನು. ಎಡ ಹೆಬ್ಬೆರಳು ಕುಣಿದರೆ ಮೆದುಳಿನ ಬಲಭಾಗದಲ್ಲಿ ಎಲ್ಲಿ ಕಿಡಿ ಹತ್ತಿದೆ ಎಂದು ಅವಳು ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಬಲ್ಲವಳು. ಆ ಕಿಡಿಯ ಕೆಳಗೆ ಏನೇನು ಇರಬಹುದು ಎಂಬುದೂ ಬಾಯಿಪಾಠ. ಪಟ್ಟಿಯ ಕೊನೆಯಲ್ಲಿ ಗಡ್ಡೆ ಇತ್ತು. ಅವಳ ಮನಸ್ಸು ಮೇಲಿನದನ್ನೆಲ್ಲ ಹಾರಿಸಿ ಅಲ್ಲಿಗೇ ಹೋಗಿ ನಿಂತಿತು.

ಉಜ್ವಲಾ ಮಹಾರಾಷ್ಟ್ರದ ಗಡಿಭಾಗದ ಗಡಹಿಂಗ್ಲಜ ತಾಲೂಕಿನ ಮಹಾಗಾಂವದವಳು. ತಂದೆ ಸಿದ್ದರಾಯ ಕುರಿ ಸಾಕುವವನು. ಕುರಿಗಳಿಗೆ ಒಂದು ರೋಗ ಬರುತ್ತದೆ. ತಲೆಯೊಳಗೆ ಹುಳದ ನೀರುಚೀಲ ಬೆಳೆದು, ಕುರಿ ಮೇಯುವುದನ್ನು ಬಿಟ್ಟು ಒಂದೇ ಕಡೆಗೆ ಸುತ್ತುಹಾಕುತ್ತ ತಿರುಗುತ್ತದೆ, ಬೀಳುವವರೆಗೂ. ಉಜ್ವಲಾ ಒಂಬತ್ತು ವರ್ಷದವಳಿದ್ದಾಗ ಅಪ್ಪ ಅಂಥ ಕುರಿಯೊಂದರ ತಲೆಯನ್ನು ಬೆರಳಿಂದ ಒತ್ತಿ, ಮೆತ್ತಗಾದ ಜಾಗ ಹುಡುಕಿ, ಕಾಸಿದ ಚೂರಿಯಿಂದ ಕೊರೆದು ಚೀಲವನ್ನು ಹೊರಗೆಳೆದದ್ದನ್ನು ಅವಳು ಬಣವೆಯ ಮರೆಯಿಂದ ನೋಡಿದ್ದಳು. ಮೂರನೆಯ ದಿನ ಕುರಿ ನೆಟ್ಟಗೆ ನಡೆಯಿತು. ಉಳಿದ ಮಕ್ಕಳು ರಕ್ತವನ್ನು ನೆನಪಿಟ್ಟುಕೊಂಡರು; ಇವಳು ನಡೆದದ್ದನ್ನು.

ಹನ್ನೆರಡನೆಯ ಇಯತ್ತೆಯಲ್ಲಿ ಅಂಕ ಸಾಲದೆ ಕಿರ್ಗಿಸ್ತಾನಕ್ಕೆ ಹೋಗಿ ಡಾಕ್ಟರಿಕೆ ಓದಿದಳು. ಹೊರದೇಶದಲ್ಲಿ ಓದಿ ಬಂದವರಿಗೆ ಇಲ್ಲಿ ಇಟ್ಟಿರುವ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದಳು. ನರರೋಗದ ಡಾಕ್ಟರಾಗಬೇಕೆಂಬ ಆಸೆಗೆ ಇಲ್ಲಿನ ದಾರಿ ಭಾಳ ಉದ್ದ, ಸೀಟು ಬೆರಳೆಣಿಕೆ. ಅಮೆರಿಕದಲ್ಲಾದರೆ ನೇರವಾಗಿ ಆ ತರಬೇತಿಗೇ ಅರ್ಜಿ ಹಾಕಬಹುದು. ಅಲ್ಲಿನ ಪರೀಕ್ಷೆಗಳನ್ನೂ ಬರೆದಳು. ಸೆಪ್ಟೆಂಬರಿನಲ್ಲಿ ಅರವತ್ತೆರಡು ಆಸ್ಪತ್ರೆಗಳಿಗೆ ಅರ್ಜಿ ಹೋಯಿತು. ಸಂದರ್ಶನಕ್ಕೆ ಕರೆದದ್ದು ಮೂರು ಆಸ್ಪತ್ರೆಯವರು. ಅದೂ ಕಂಪ್ಯೂಟರಿನ ಪರದೆಯ ಮೇಲೆ. ಆಮೇಲೆ ಆಸ್ಪತ್ರೆಯವರು ತಮಗೆ ಬೇಕಾದವರ ಪಟ್ಟಿ ಕೊಡುತ್ತಾರೆ, ಅರ್ಜಿ ಹಾಕಿದವರು ತಮ್ಮ ಪಟ್ಟಿ ಕೊಡುತ್ತಾರೆ, ಮಾರ್ಚ್‌ನಲ್ಲಿ ಯಾರಿಗೆ ಯಾವುದು ಎಂದು ತಿಳಿಯುತ್ತದೆ. ಇಲ್ಲಿ ಅವಳು ಹೊರದೇಶದಲ್ಲಿ ಓದಿದವಳು, ಅಲ್ಲಿ ಹೊರದೇಶದವಳು. ಮೂರು ಕರೆ ಬಂದದ್ದೇ ಹೆಚ್ಚು.

ಈ ಹೊತ್ತಿನಲ್ಲಿ ಹೆಬ್ಬೆರಳು ಕುಣಿಯಿತು.

ತೋರಿಸುವುದು ಯಾರಿಗೆ? ಕೊಲ್ಲಾಪುರದಲ್ಲಿ ಛಾಯಾ ಮೇಡಂ ಇದ್ದರು. ದೊಡ್ಡ ನರರೋಗ ತಜ್ಞೆ. ಒಂದು ವರ್ಷ ಪ್ರತಿ ಶನಿವಾರ ಉಜ್ವಲಾ ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ರೋಗಿಗಳನ್ನು ನೋಡುವುದು ಕಲಿತಿದ್ದಳು. ಅರ್ಜಿಯ ಜೊತೆ ಹೋದ ಶಿಫಾರಸು ಪತ್ರ ಅವರದೇ. ಅವರಿಗೆ ಹೇಳಿದರೆ ಆ ಪತ್ರ ಏನಾದೀತು? ಫಿಟ್ಸ್ ಬರುವ ಹುಡುಗಿಯನ್ನು ಯಾವ ಆಸ್ಪತ್ರೆ ತಗೊಂಡೀತು? ಬೇರೆ ಡಾಕ್ಟರ ಹತ್ತಿರ ಹೋದರೆ, ಎಲ್ಲರೂ ಒಬ್ಬರಿಗೊಬ್ಬರು ಪರಿಚಯದವರು.

ಕೊನೆಗೆ, ಯಾವ ರೋಗಿ ಮಾಡಿದರೂ ಅವಳು ಬೈಯುತ್ತಿದ್ದಂಥ ಕೆಲಸವನ್ನೇ ಮಾಡಿದಳು. ತನಗೆ ತಾನೇ ಫಿಟ್ಸಿನ ಗುಳಿಗೆ ಶುರು ಮಾಡಿದಳು. ಸ್ಕ್ಯಾನ್ ಮಾಡಿಸಲಿಲ್ಲ. ಮಾಡಿಸದೆ ಇರುವತನಕ ಅದು ಏನು ಬೇಕಾದರೂ ಆಗಿರಬಹುದು. ಮಾಡಿಸಿದರೆ ಒಂದೇ ಆಗುತ್ತದೆ. ಆ ಒಂದಕ್ಕೆ ಅವಳು ಹೆದರಿದಳು.

ಸ್ಕೂಟರ್ ಹತ್ತುವುದನ್ನು ಬಿಟ್ಟಳು. ಭಾನುವಾರ ಊರಿಗೆ ಎಸ್‌ಟಿ ಬಸ್ಸಿನಲ್ಲಿ ಬಂದಾಗ ತಾಯಿ ಮಾಯವ್ವ ಕೇಳಿದಳು, "ಗಾಡಿ ಎಲ್ಲೈತಿ?"

"ರಿಪೇರಿಗೆ ಕೊಟ್ಟೇನಿ."

ಮುಂದಿನ ಭಾನುವಾರವೂ ರಿಪೇರಿ. ಅದರ ಮುಂದಿನದೂ. ಮಗಳು ಒಲೆಯ ಹತ್ತಿರ ಬರುವುದಿಲ್ಲ, ಹಾಲಿನ ಬೋಗುಣಿ ಎತ್ತುವುದಿಲ್ಲ, ಕೂತಲ್ಲಿ ಎಡಗೈಯನ್ನೇ ನೋಡುತ್ತಿರುತ್ತಾಳೆ. ಮಾಯವ್ವ ಎಲ್ಲ ನೋಡಿಟ್ಟುಕೊಂಡಳು. ಡಿಸೆಂಬರಿನಲ್ಲಿ ಒಂದು ಚೀಲದಲ್ಲಿ ಜೋಳದ ಹಿಟ್ಟು, ಕೆಂಪು ಚಟ್ನಿ ತುಂಬಿಕೊಂಡು ಇಚಲಕರಂಜಿಯ ಮಗಳ ಖೋಲಿಗೆ ಬಂದಿಳಿದಳು. "ನಾಕ ದಿನ ಇದ್ದ ಹೋಗತೇನಿ," ಎಂದಳು. ಮರುದಿನವೇ ಮೊದಲ ಸಂದರ್ಶನ.

ಸಂಜೆ ಏಳಕ್ಕೆ ಪರದೆಯ ಮೇಲೆ ಮೂವರು ಡಾಕ್ಟರರು ಮೂಡಿದರು. ಅವರಿಗೆ ಅದು ಬೆಳಗು. ಒಬ್ಬರ ಕೈಯಲ್ಲಿ ಕಾಫಿ ಇತ್ತು. ಕಿಟಕಿ ಮುಚ್ಚಿದ್ದರೂ ಓಣಿಯ ಮಗ್ಗಗಳ ಸದ್ದು ಗೋಡೆಯಲ್ಲಿ ನಡುಗುತ್ತಿತ್ತು. ಮಾಯವ್ವ ಕ್ಯಾಮೆರಾಕ್ಕೆ ಕಾಣದ ಹಾಗೆ ಮಂಚದ ಮೂಲೆಯಲ್ಲಿ ಕೂತಳು. ಬಿಳಿಗೂದಲಿನ ಮನುಷ್ಯ ಕೇಳಿದರು: ನರರೋಗವೇ ಯಾಕೆ?

ಉಜ್ವಲಾ ಕುರಿಯ ಕಥೆ ಹೇಳತೊಡಗಿದಳು. ಅಪ್ಪ ತಲೆ ಒತ್ತಿ ಜಾಗ ಹುಡುಕಿದ ಮಾತಿಗೆ ಬರುವಷ್ಟರಲ್ಲಿ ಹೆಬ್ಬೆರಳು ಸೆಳೆಯಿತು. ಕೈಯನ್ನು ಮೇಜಿನ ಕೆಳಗೆ ಎಳೆದು ತೊಡೆಯಡಿಗೆ ಒತ್ತಿದಳು. ಬಾಯಿ ಮಾತಾಡುತ್ತಲೇ ಇತ್ತು, ಅದು ಬೇರೆ ಯಾರದೋ ಬಾಯಿ ಎಂಬಂತೆ. ಕುಣಿತ ಮಣಿಕಟ್ಟಿಗೆ ಏರಿತು, ಮೊಣಕೈಗೆ ಏರಿತು. ಇನ್ನು ಮುಖಕ್ಕೆ ಬಂದರೆ ತುಟಿ ಸೊಟ್ಟಗಾಗುತ್ತದೆ, ಮಾತು ನಿಲ್ಲುತ್ತದೆ. ಎದುರಿಗಿರುವ ಮೂವರೂ ಇದನ್ನೇ ನೋಡಿ ನೋಡಿ ತಲೆ ನರೆತವರು, ಒಂದು ಕ್ಷಣ ಸಾಕು ಅವರಿಗೆ. ಒಂದು, ಎರಡು, ಮೂರು ಎಂದು ಒಳಗೊಳಗೇ ಎಣಿಸುತ್ತ ಹೊರಗೆ ಕಥೆಯ ಕುರಿಯನ್ನು ಎಬ್ಬಿಸಿ ನಡೆಸಿದಳು.

ಕುಣಿತ ಭುಜದ ತನಕ ಬಂದು ಇಳಿಯಿತು. ಬಿಳಿಗೂದಲಿನವರು ನಕ್ಕು, ಇಂಥದ್ದನ್ನು ತಾನು ಎಂದೂ ಕೇಳಿರಲಿಲ್ಲ ಎಂದರು. ಇಪ್ಪತ್ತೈದು ನಿಮಿಷಕ್ಕೆ ಎಲ್ಲ ಮುಗಿಯಿತು. ಪರದೆ ಕಪ್ಪಾದ ಮೇಲೂ ಅವಳು ಕೈಯ ಮೇಲಿಂದ ಏಳಲಿಲ್ಲ.

"ಎಷ್ಟ ದಿನ ಆತು?" ಎಂದಳು ಮಾಯವ್ವ.

"ಏನ?"

"ಸುಳ್ಳ ಹೇಳಬ್ಯಾಡ. ಕೈ ಕುಣೀತು, ನಾ ನೋಡೇನಿ. ನೂರ ಕುರ್‍ಯಾಗ ಒಂದ ಕುರಿ ಕಾಲ ಎಳದ್ರ ನಮಗ ಗೊತ್ತಾಗತೈತಿ. ಹೊಟ್ಟೀಲೆ ಹುಟ್ಟಿದ ಮಗಳದ ಗೊತ್ತಾಗೂದಿಲ್ಲೇನ?"

ಉಜ್ವಲಾ ಅತ್ತುಬಿಟ್ಟಳು. "ಯಾರಿಗೂ ಹೇಳಬ್ಯಾಡ ಅವ್ವಾ. ಗೊತ್ತಾತಂದ್ರ ಎಲ್ಲಾ ಹೋತು."

"ತಲೀನ ಹೋದಮ್ಯಾಲ ಉಳಿಯೂದರ ಏನು?"

"ಗಡ್ಡಿ ಇದ್ರ?"

ಮಾಯವ್ವನ ಮುಖವೂ ಬಿಳಚಿತ್ತು. "ನಿಮ್ಮಪ್ಪ ಕುರಿ ತಲಿ ಒತ್ತೂ ಮುಂದ ಅಂವಗೂ ಕೈ ನಡಗತಿದ್ದು," ಎಂದಳು. "ಜೀವಾ ಹೋಗತಿತ್ತು ಅಂವಂದು. ಆದ್ರೂ ಒತ್ತತಿದ್ದ. ಒತ್ತಲಿಲ್ಲಂದ್ರ ಅದು ಸಾಯೂದ ಖರೇನ. ನಾಳೆ ಕೊಲ್ಲಾಪುರಕ್ಕ ಹೋಗೂಣು. ನಾನೂ ಬರತೇನಿ."

ಛಾಯಾ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಕೈ, ಕಣ್ಣು, ನಡಿಗೆ ಪರೀಕ್ಷಿಸಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಗೋಳಿ ಯಾರ ಬರದ ಕೊಟ್ಟರು?"

"ನಾನ."

"ನಿನ್ನ ಜಾಗಾದಾಗ ಬ್ಯಾರೆ ಪೇಶಂಟ ಇದ್ರ ಏನ ಅಂತಿದ್ದಿ, ಮಗಳ?"



ಎಂಆರ್‌ಐ ಖೋಲಿಯ ಹೊರಗೆ ಮಾಯವ್ವ ಮಗಳ ಕಿವಿಯೋಲೆ, ಸರ, ಗಡಿಯಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಳು. ಒಳಗೆ ಉಜ್ವಲಾ ಆ ಕೊಳವೆಯಲ್ಲಿ ಅಲುಗದೆ ಮಲಗಿದಳು. ಯಂತ್ರ ತಲೆಯ ಸುತ್ತ ಬಡಿಯುತ್ತಿತ್ತು. ಎಷ್ಟೋ ಜನರಿಗೆ ಅವಳೇ ಹೇಳಿದ್ದಳು, ಏನೂ ಆಗುವುದಿಲ್ಲ, ಬರೀ ಸದ್ದು ಅಷ್ಟೇ ಎಂದು. ಆ ಮಾತು ಎಷ್ಟು ಪೊಳ್ಳು ಎಂದು ಈಗ ಗೊತ್ತಾಯಿತು. ಗಾಜಿನ ಆಚೆಗಿನವರು ಈಗ ಅವಳ ತಲೆಯೊಳಗೆ ನೋಡುತ್ತಿದ್ದಾರೆ. ಅವರಿಗೆ ಗೊತ್ತಾಗಿದೆ, ಅವಳಿಗೆ ಗೊತ್ತಿಲ್ಲ. ಒಮ್ಮೆ ಸದ್ದು ನಿಂತು, ಯಾರೋ ಮರಾಠಿಯಲ್ಲಿ "ಇನ್ನೊಂದು ಸ್ವಲ್ಪ ಬಾಕಿ" ಎಂದಾಗ, ಏನೋ ಕಂಡಿರಬೇಕು, ಅದಕ್ಕೇ ಮತ್ತೆ ತೆಗೆಯುತ್ತಿದ್ದಾರೆ ಎಂದುಕೊಂಡಳು.

ಕಂಡದ್ದು ನಿಜ. ಬಲಭಾಗದಲ್ಲಿ ಕಡಲೆಕಾಳಿನಷ್ಟು ಒಂದು ಉಂಗುರ, ಸುತ್ತ ಬಾವು. ಛಾಯಾ ಮೇಡಂ ಬಾಯಿ ತೆರೆಯುವ ಮೊದಲೇ ಉಜ್ವಲಾ ಪರದೆಗೆ ಮುಖ ಒಡ್ಡಿ ಉಂಗುರದ ನಡುವೆ ಹುಡುಕಿದಳು. ಅಲ್ಲಿ ಒಂದು ಚುಕ್ಕೆ ಇತ್ತು. ಹುಳದ ತಲೆ. ಗಡ್ಡೆಗೆ ಅಂಥ ಚುಕ್ಕೆ ಇರುವುದಿಲ್ಲ. ಅವಳು ಕುರ್ಚಿ ಎಲ್ಲಿದೆ ಎಂದು ನೋಡದೆ ನೆಲದ ಮೇಲೇ ಕೂತಳು.

"ಹುಳದ ಗಂಟು," ಎಂದರು ಮೇಡಂ, ಮಾಯವ್ವನ ಕಡೆ ತಿರುಗಿ. "ಸಾಯಾಕತ್ತೈತಿ. ಗೋಳೀಲೆ ಹೋಗತೈತಿ ಮಾವಶಿ."

"ನಮ್ಮ ಕುರೀದ ಹತ್ತೇತೇನ್ರಿ ಇಕಿಗೆ?" ಮಾಯವ್ವನ ದನಿ ಒಡೆದಿತ್ತು. ಬಸ್ಸಿನುದ್ದಕ್ಕೂ ಅವಳು ಇದನ್ನೇ ನುಂಗಿಕೊಂಡು ಬಂದಿದ್ದಳೆಂದು ಉಜ್ವಲಾಳಿಗೆ ಆಗ ತಿಳಿಯಿತು.

"ಇಲ್ಲರಿ. ಕುರಿ ಹುಳ ಬ್ಯಾರೆ, ಇದು ಬ್ಯಾರೆ. ತೊಳೀದ ಕಾಯಿಪಲ್ಯಾದಾಗ, ಹೊಲಸ ನೀರಾಗ ಇದರ ತತ್ತಿ ಇರತಾವ. ಮಾಂಸ ಮುಟ್ಟದ ನಮ್ಮ ಜೈನರ ಮನ್ಯಾಗೂ ನೋಡೇನಿ. ನಿಮ್ಮ ತಪ್ಪ ಏನೂ ಇಲ್ಲ."

ಹೊರಡುವಾಗ ಉಜ್ವಲಾ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು, "ಮೇಡಂ, ಪತ್ರ?"

"ಪತ್ರ ನಿನ್ನ ಕೆಲಸದ ಬಗ್ಗೆ ಬರದೇನಿ, ನಿನ್ನ ತಲಿ ಬಗ್ಗೆ ಅಲ್ಲ. ನಿನ್ನ ಬ್ಯಾನಿ ಯಾರಿಗರ ಹೇಳೂದು ಬಿಡೂದು ನಿನ್ನ ಇಚ್ಛಾ. ಆದ್ರ ಐದ ವಾರ ಬಚ್ಚಿಟ್ಟಿ ನೋಡು, ಅದಕ್ಕ ನನಗ ಸಿಟ್ಟ ಐತಿ. ಅದು ಲಗೂ ಹೋಗೂದಿಲ್ಲ."

ಹೋಗಲೂ ಇಲ್ಲ. ಐದು ತಿಂಗಳು ಮೇಡಂ ಅವಳೊಂದಿಗೆ ಔಷಧದ ಮಾತು ಬಿಟ್ಟು ಬೇರೆ ಆಡಲಿಲ್ಲ. ಉಳಿದೆರಡು ಸಂದರ್ಶನಗಳನ್ನು ಉಜ್ವಲಾ ಬಾವು ಇಳಿಸುವ ಮಾತ್ರೆಗಳಿಂದ ಊದಿದ ಮುಖದಲ್ಲೇ ಕೊಟ್ಟಳು. ಮಾರ್ಚ್‌ನಲ್ಲಿ, ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಸಂಜೆ ಏಳೂವರೆಗೆ ಮೇಲ್ ಬಂತು. ಯಾವ ಆಸ್ಪತ್ರೆಯೂ ಸಿಕ್ಕಿರಲಿಲ್ಲ. ಎರಡು ವರ್ಷ ಈ ಒಂದು ಸಾಲಿಗೆ ಹೆದರಿದ್ದವಳು ಅದನ್ನು ಎರಡು ಸಲ ಓದಿ, ಮಹಾಗಾಂವದ ಬಸ್ಸು ಬಂದಾಗ ಹತ್ತಿ ಕೂತಳು. ಊರು ಬರುವತನಕ ಅತ್ತಳು. ಮನೆಗೆ ಹೋಗಿ ಊಟ ಮಾಡಿದಳು.

ಅದಕ್ಕಿಂತ ಹೆಚ್ಚು ಹೆದರಿದ್ದು ಮೇ ತಿಂಗಳಲ್ಲಿ, ಎರಡನೆಯ ಸ್ಕ್ಯಾನಿನ ದಿನ. ಉಂಗುರ ಹೋಗಿತ್ತು. ಅದಿದ್ದ ಜಾಗದಲ್ಲಿ ಸಾಸಿವೆಯಷ್ಟು ಬಿಳಿ ಕಲೆ. ಗುಳಿಗೆ ಇನ್ನೂ ಕೆಲವು ತಿಂಗಳು ಬೇಕು ಎಂದ ಮೇಡಂ, ಅದೇ ಉಸಿರಿನಲ್ಲಿ, "ಸೋಮವಾರದಿಂದ ನನ್ನ ಓಪಿಡಿಗೆ ಬಾ. ಫಿಟ್ಸಿನ ಪೇಶಂಟ ನೀ ನೋಡು," ಎಂದರು. ಸಿಟ್ಟು ಇಳಿದದ್ದು ಹಾಗೆ.

ಸೆಪ್ಟೆಂಬರಿನಲ್ಲಿ ಅವಳು ಮತ್ತೆ ಅರ್ಜಿ ಹಾಕಿದಳು. ತನ್ನ ರೋಗದ ಬಗ್ಗೆ ಬರೆಯಲಿಲ್ಲ. ಕೊಲ್ಲಾಪುರದಲ್ಲಿ ನೋಡಿದ ರೋಗಿಗಳ ಬಗ್ಗೆ ಬರೆದಳು. ಈ ಸಲ ಏಳು ಕರೆ ಬಂದವು. ಮುಂದಿನ ಮಾರ್ಚ್‌ನಲ್ಲಿ ಮೇಲ್ ಬಂದಾಗ ಸಂಜೆಯ ಓಪಿಡಿ ತುಂಬಿತ್ತು. ತೆರೆಯುವ ಧೈರ್ಯ ಸಾಲದೆ ಅವಳು ಫೋನನ್ನು ಮೇಡಂ ಕೈಗೆ ಕೊಟ್ಟಳು. ಅವರು ಓದಿ, "ಸಿಕ್ಕೇತಿ," ಎಂದಷ್ಟೇ ಹೇಳಿ ಅವಳ ಬೆನ್ನಿನ ಮೇಲೆ ಕೈ ಇಟ್ಟರು. ಆ ಕೈ ಎಷ್ಟೋ ಹೊತ್ತು ಅಲ್ಲೇ ಇತ್ತು.

ಉಜ್ವಲಾಳಿಗೆ ಮೊದಲು ಹೊಳೆದದ್ದು ವೀಸಾ. ಅದೂ ಸಿಗದಿದ್ದರೆ? ಹೊರಗೆ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದರು. ಮೊದಲು ಅವ್ವನಿಗೆ ಫೋನ್ ಮಾಡಿದಳು. ಆಮೇಲೆ ಬಾಗಿಲು ತೆರೆದು ಮುಂದಿನ ಹೆಸರು ಕರೆದಳು.